ಸಸ್ಯಾಹಾರಿಗಳಿಗೂ ಬೇಕು ಲಿಪಿಡ್ ಪರೀಕ್ಷೆ

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಮುಗಿಬಿದ್ದಿದ್ದರು. ಆ ಗಾಬರಿ ಈಗ ಇಳಿದಿದೆ. ಆದರೆ "ನಾವು ಶುದ್ಧ ಸಸ್ಯಾಹಾರಿಗಳು, ನಮಗೆಲ್ಲಿಯ ಕೊಲೆಸ್ಟ್ರಾಲ್?" ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತಲೇ ಇದೆ.

ಅಂಕಿಅಂಶಗಳು ಬೇರೆಯದನ್ನೇ ಹೇಳುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ನೂರು ವಯಸ್ಕರಲ್ಲಿ ಸುಮಾರು 81 ಮಂದಿಗೆ ರಕ್ತದ ಕೊಬ್ಬಿನಲ್ಲಿ ಒಂದಲ್ಲ ಒಂದು ಏರುಪೇರಿದೆ. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿರುವುದು 24 ಮಂದಿಗೆ ಮಾತ್ರ. ಒಟ್ಟು ಅಂಕಿಯೊಂದನ್ನೇ ನೋಡಿದರೆ ಹಲವರ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಒಳ್ಳೆಯ ಕೊಬ್ಬಾದ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಎಂಬುದು ನಮ್ಮಲ್ಲಿ ಸಾಮಾನ್ಯ. ಮಾಂಸ ಮುಟ್ಟದಿದ್ದರೂ ಹೆಚ್ಚಾದ ಅನ್ನ, ಮೈದಾ, ಸಕ್ಕರೆಯನ್ನು ಯಕೃತ್ತು ಟ್ರೈಗ್ಲಿಸರೈಡ್ ಆಗಿ ಮಾರ್ಪಡಿಸುತ್ತದೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆಯೂ ಇದರ ಜೊತೆಗೇ ಬರುತ್ತವೆ.

ಒಂದು ಲೆಕ್ಕ ನೋಡಿ. ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 35 ಎಂದುಕೊಳ್ಳೋಣ. 200ರ ಒಳಗಿದೆ ಎಂದು ನಾವು ನಿರಾಳರಾಗುತ್ತೇವೆ. 190ರಲ್ಲಿ 35 ಕಳೆದರೆ 155. ಇದೇ ನಾನ್-ಎಚ್‌ಡಿಎಲ್. ಭಾರತೀಯ ಹೃದ್ರೋಗ ತಜ್ಞರ ಸಂಘ (ಸಿಎಸ್‌ಐ) 2024ರಲ್ಲಿ ನೀಡಿದ ಮಾರ್ಗಸೂಚಿಯಂತೆ ಸಾಮಾನ್ಯರಿಗೂ ಇದು 130ರ ಒಳಗಿರಬೇಕು, ಎಲ್‌ಡಿಎಲ್ 100ರ ಒಳಗಿರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಅಪಾಯ ಇರುವವರಿಗೆ ಎಲ್‌ಡಿಎಲ್ ಮಿತಿ 70.

ಅದೇ ಮಾರ್ಗಸೂಚಿ ಮೊದಲ ಪರೀಕ್ಷೆಯನ್ನು 18ನೇ ವಯಸ್ಸಿಗೇ ಮಾಡಿಸಲು ಹೇಳುತ್ತದೆ. ಖಾಲಿ ಹೊಟ್ಟೆಯಲ್ಲೇ ಆಗಬೇಕೆಂಬ ಕಡ್ಡಾಯವಿಲ್ಲ. ಆನುವಂಶಿಕವಾಗಿ ಬರುವ ಲಿಪೋಪ್ರೋಟೀನ್(ಎ) ಅನ್ನು ಜೀವನದಲ್ಲಿ ಒಮ್ಮೆಯಾದರೂ ನೋಡಿಸಬೇಕು. ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದ ಮನೆಯವರು ಇದನ್ನು ಮರೆಯಬಾರದು.

ನಮ್ಮ ಧರ್ಮದಲ್ಲಿ ಇದಕ್ಕೆ ನೆರವಾಗುವ ಆಚರಣೆಗಳಿವೆ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ, ತುಪ್ಪ-ಎಣ್ಣೆ-ಸಿಹಿಗಳನ್ನು ಬಿಡುವ ರಸಪರಿತ್ಯಾಗ ಬಾಹ್ಯ ತಪಗಳಲ್ಲಿ ಸೇರಿವೆ. ಆದರೆ ಪರ್ವದಲ್ಲಿ ಉಪವಾಸ ಮಾಡಿ, ಪಾರಣೆಯಿಂದಾಚೆ ತಿಂಗಳುಗಟ್ಟಲೆ ಕರಿದ ತಿಂಡಿ, ಸಿಹಿ ತಿಂದರೆ ದೇಹಕ್ಕೆ ಅದರ ಲಾಭ ಉಳಿಯದು. ದಶಲಕ್ಷಣ ಪರ್ವದ ವ್ರತಕ್ಕೆ ಕೂರುವ ಮೊದಲು ಸಕ್ಕರೆ, ಬಿ.ಪಿ., ಕೊಲೆಸ್ಟ್ರಾಲ್ ಮಾತ್ರೆ ನುಂಗುವ ಹಿರಿಯರು ವೈದ್ಯರನ್ನು ಕೇಳಲಿ. ತಾವಾಗಿ ಮಾತ್ರೆ ನಿಲ್ಲಿಸುವುದು ಬೇಡ. ಬಸದಿಗಳ ವಾರ್ಷಿಕೋತ್ಸವದಲ್ಲಿ ರಕ್ತದಾನದ ಜೊತೆ ಲಿಪಿಡ್ ತಪಾಸಣೆಯನ್ನೂ ಏರ್ಪಡಿಸಿದರೆ ಸಮಾಜಕ್ಕೆ ಅದೂ ಒಂದು ಔಷಧದಾನವೇ.