ಒಂದು ಪ್ರಯಾಣಕ್ಕೆ ಮೂರು ದರವೇ?

ಬೆಂಗಳೂರಿನ ಅಂಚಿನ ಬಡಾವಣೆಯೊಂದರಿಂದ ಬೆಳಗ್ಗೆ ಕೆಲಸಕ್ಕೆ ಹೊರಟವನು ಮೊದಲು ಬಸ್ಸನ್ನೂ, ಅನಂತರ ಮೆಟ್ರೋ ರೈಲನ್ನೂ, ರೈಲಿನಿಂದಿಳಿದ ತರುವಾಯ ಮತ್ತೊಂದು ಬಸ್ಸನ್ನೂ ಏರುವುದು ಸಾಮಾನ್ಯ. ಅವನ ಪ್ರಯಾಣವು ಒಂದೇ. ಬಿಡಿ ಟಿಕೆಟ್ಟು ಕೊಳ್ಳುವವನಾದರೆ ತೆರುವ ದರಗಳು ಮಾತ್ರ ಮೂರು. ಪ್ರತಿಯೊಂದು ಸಲವೂ ಕನಿಷ್ಠ ದರದಿಂದಲೇ ಹೊಸ ಲೆಕ್ಕ. ಅವನು ಇಳಿದು ಹತ್ತುವುದು ವಿನೋದಕ್ಕಾಗಿ ಅಲ್ಲ, ನೇರವಾದ ವಾಹನವಿಲ್ಲವೆಂದು. ಅನನುಕೂಲವನ್ನು ಅನುಭವಿಸುವವನಿಂದಲೇ ಹೆಚ್ಚು ಹಣ ಪಡೆಯುವ ಈ ಏರ್ಪಾಡನ್ನು ನ್ಯಾಯವೆಂದು ನಾವು ಒಪ್ಪಲಾರೆವು.

ಇದು ಯಂತ್ರದ ಕೊರತೆಯಿಂದಾದುದೆಂದು ಹೇಳುವಂತಿಲ್ಲ. ದೇಶದ ಎಲ್ಲ ವಾಹನಗಳಲ್ಲಿಯೂ ಸಲ್ಲಬೇಕೆಂಬ ಉದ್ದೇಶದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡನ್ನು 2019ರ ಮಾರ್ಚಿಯಲ್ಲಿ ಅಹಮದಾಬಾದಿನಲ್ಲಿ ಪ್ರಧಾನಮಂತ್ರಿಗಳು ಬಿಡುಗಡೆ ಮಾಡಿದರು. ಹಣದ ಮೊತ್ತವು ಕಾರ್ಡಿನ ಚಿಪ್ಪಿನಲ್ಲಿಯೇ ಅಡಗಿರುವುದರಿಂದ ಸಂಪರ್ಕಜಾಲವಿಲ್ಲದ ಕಡೆಯಲ್ಲಿಯೂ ಅದು ನಡೆಯುವುದು. 2023ರಿಂದ ನಮ್ಮ ಮೆಟ್ರೋದ ದ್ವಾರಗಳೂ ಅದನ್ನು ಅಂಗೀಕರಿಸಿವೆ. ಆದರೆ ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಎಲ್ಲೆಡೆ ಸಲ್ಲುವ ಚೀಲ ಬೇರೆ, ಎಲ್ಲೆಡೆಗೂ ಕೂಡಿದ ದರ ಬೇರೆ. ಮೂರು ವಾಹನಗಳಲ್ಲಿ ಮೂರು ಪೂರ್ಣ ದರಗಳನ್ನು ಕಳೆಯುವ ಕಾರ್ಡು ಚಿಲ್ಲರೆಯ ತೊಂದರೆಯನ್ನು ತಪ್ಪಿಸೀತು. ಪ್ರಯಾಣಿಕನ ಭಾರವನ್ನು ಇಳಿಸದು.

ಹೊರಗಿನ ಅನುಭವವೂ ಇದನ್ನೇ ಸಾರುವುದು. ಹಾಂಗ್‌ಕಾಂಗಿನಲ್ಲಿ ರೈಲು, ಬಸ್ಸು, ದೋಣಿಗಳನ್ನು ನಡೆಸುತ್ತಿದ್ದ ಐದು ಸಂಸ್ಥೆಗಳು 1994ರಲ್ಲಿ ಕೂಡಿ ಒಂದು ಕಂಪೆನಿಯನ್ನು ಕಟ್ಟಿದುವು. ಹಣ ಹಂಚುವ ಲೆಕ್ಕವನ್ನು ಅದಕ್ಕೆ ಒಪ್ಪಿಸಿದುವು. ಆಕ್ಟೋಪಸ್ ಕಾರ್ಡು ಜನರ ಕೈಗೆ ಬಂದುದು 1997ರಲ್ಲಿ. ಒಪ್ಪಂದವು ಮೊದಲು, ಕಾರ್ಡು ಆಮೇಲೆ. ಲಂಡನ್ನಿನಲ್ಲಿ 2003ರಲ್ಲಿ ಆಯಿಸ್ಟರ್ ಕಾರ್ಡು ಹೊರಟಿತು. ಆದರೆ ಯಂತ್ರದ ಖರ್ಚು ಯಾರದು, ಆದಾಯದಲ್ಲಿ ಪಾಲೆಷ್ಟು ಎಂಬ ಚರ್ಚೆಯಲ್ಲಿ ಕಾಲ ಕಳೆದು, ಆ ಕಾರ್ಡಿನ ಮೊತ್ತದಿಂದ ಉಪನಗರದ ರೈಲುಗಳಲ್ಲೆಲ್ಲ ಸಂಚರಿಸುವುದು ಸಾಧ್ಯವಾದುದು 2010ರಲ್ಲಿ. 2016ರಿಂದ ಅಲ್ಲಿ ಒಂದು ಗಂಟೆಯೊಳಗೆ ಮತ್ತೊಂದು ಬಸ್ಸನ್ನು ಹತ್ತಿದವನು ಎರಡನೆಯ ದರವನ್ನು ತೆರಬೇಕಾಗಿಲ್ಲ. ನಮ್ಮ ನೆರೆಯ ಚೆನ್ನೈಯಲ್ಲಿ ಬಸ್ಸು, ಮೆಟ್ರೋ, ಉಪನಗರ ರೈಲುಗಳಿಗೆ ಒಂದೇ ಮೊಬೈಲು ಟಿಕೆಟ್ಟು 2025ರಲ್ಲಿ ಬಂದಿದೆ.

ನಿಗಮಗಳ ಅಳುಕು ನಮಗೆ ತಿಳಿಯದುದಲ್ಲ. ಬಸ್ಸಿನವರಿಗೆ ನಷ್ಟದ ಚಿಂತೆ, ಮೆಟ್ರೋದವರಿಗೆ ಸಾಲದ ಚಿಂತೆ. ರಿಯಾಯಿತಿಯನ್ನು ಯಾರು ಹೊರುವರೆಂಬ ಪ್ರಶ್ನೆಯು ಸಹಜವೇ. ಆದರೆ ಬಸ್ಸಿನ ನಿಗಮವು ರಾಜ್ಯ ಸರಕಾರದ್ದು; ಮೆಟ್ರೋ ನಿಗಮವು ರಾಜ್ಯ, ಕೇಂದ್ರ ಎರಡೂ ಸರಕಾರಗಳದ್ದು. ಎರಡರ ಬಂಡವಾಳವೂ ಪ್ರಜೆಗಳದೇ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಗಬೇಕೆ? ಲೆಕ್ಕವಿಡುವುದು ಅಸಾಧ್ಯವೆಂದರೂ ನಂಬಲಾಗದು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್ಟುಗಳನ್ನು ಕೊಟ್ಟು, ಅವುಗಳ ಲೆಕ್ಕದ ಮೇಲೆ ನಿಗಮಗಳು ಸರಕಾರದಿಂದ ಹಣ ಕೇಳುತ್ತಿವೆ. ಬೊಕ್ಕಸಕ್ಕೂ ನಿಗಮಕ್ಕೂ ನಡುವೆ ಸಾಧ್ಯವಾದ ಲೆಕ್ಕವು ನಿಗಮ ನಿಗಮಗಳ ನಡುವೆ ಏಕೆ ಅಸಾಧ್ಯ?

ಈ ಕಾರ್ಯಕ್ಕೆ ತಕ್ಕ ಅಧಿಕಾರಸ್ಥಾನವೂ ಉಂಟು. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಮಸೂದೆಗೆ 2022ರ ಡಿಸೆಂಬರಿನಲ್ಲಿ ವಿಧಾನಮಂಡಲವು ಸಮ್ಮತಿಯಿತ್ತಿತು. ಅದಕ್ಕೆ ಮುಖ್ಯಮಂತ್ರಿಗಳೇ ಅಧ್ಯಕ್ಷರು. ಆ ಪ್ರಾಧಿಕಾರವು ಮೂರು ವಿಷಯಗಳನ್ನು ಇತ್ಯರ್ಥಪಡಿಸಲೆಂದು ನಮ್ಮ ಆಗ್ರಹ. ಗೊತ್ತುಪಡಿಸಿದ ಅವಧಿಯೊಳಗೆ ವಾಹನ ಬದಲಾಯಿಸಿದವನಿಗೆ ಕನಿಷ್ಠ ದರವನ್ನು ಮತ್ತೆ ಹಾಕಕೂಡದು. ಬಂದ ಹಣವನ್ನು ದಿನದಿನವೂ ಹಂಚುವ, ಯಾವ ನಿಗಮಕ್ಕೂ ಅಧೀನವಲ್ಲದ ಲೆಕ್ಕದ ಮನೆಯೊಂದಿರಬೇಕು. ಕಾರ್ಡಾಗಲಿ ಮೊಬೈಲಾಗಲಿ ಇಲ್ಲದ ಕೂಲಿಯವನ ರೊಕ್ಕವನ್ನು ಯಾವ ಕಂಡಕ್ಟರನೂ ನಿರಾಕರಿಸಕೂಡದು.

ಹೊಸ ಹೊಸ ಯಂತ್ರಗಳ ಉದ್ಘಾಟನೆಗಳನ್ನು ಜನರು ಸಾಕಷ್ಟು ಕಂಡಿದ್ದಾರೆ. ಈಗ ಬೇಕಾಗಿರುವುದು ಎರಡು ನಿಗಮಗಳ ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತು ಹಾಕುವ ರುಜು. ಅದಕ್ಕೆ ತಗಲುವ ಖರ್ಚು ಅತ್ಯಲ್ಪ. ಅದರಿಂದ ಉಳಿಯುವುದು ಬಡವನ ದಿನದಿನದ ದುಡ್ಡು.