ಅಳತೆಗೆ ತಕ್ಕ ತಂತ್ರಾಂಶ

ರೆಡಿಮೇಡ್ ಬಟ್ಟೆ ಕೊಂಡು ತಂದ ಮೇಲೆ ಅದನ್ನು ಹಾಗೆಯೇ ತೊಡುವವರು ಕಡಿಮೆ. ತೋಳು ಉದ್ದವಾಯಿತು, ಸೊಂಟ ಸಡಿಲವಾಯಿತು ಎಂದು ಎಲ್ಲಾದರೂ ಒಂದು ಕಡೆ ಹೊಲಿಗೆ ಹಾಕಿಸಬೇಕಾಗುತ್ತದೆ. ಒಳಗಡೆ ಒಂದಿಂಚು ಬಟ್ಟೆ ಬಿಟ್ಟಿದ್ದರೆ ಬಿಗಿಯಾದದ್ದನ್ನೂ ಬಿಡಿಸಿ ಸಡಿಲ ಮಾಡಬಹುದು. ಬಿಟ್ಟಿಲ್ಲದಿದ್ದರೆ ಎಂತಹ ಟೈಲರ್ ಆದರೂ ಕೈಚೆಲ್ಲಬೇಕಾಗುತ್ತದೆ.

ವ್ಯಾಪಾರಕ್ಕೆಂದು ಕೊಳ್ಳುವ ಕಂಪ್ಯೂಟರ್ ತಂತ್ರಾಂಶಗಳೂ ಹೀಗೆಯೇ. ಬಿಲ್, ಸ್ಟಾಕ್, ತೆರಿಗೆ, ಸಂಬಳ ಇವು ಎಲ್ಲ ಅಂಗಡಿಗಳಿಗೂ ಬೇಕು. ಸಿದ್ಧ ತಂತ್ರಾಂಶ ಅವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತದೆ. ಆದರೆ ಪ್ರತಿಯೊಂದು ಕಸುಬಿಗೂ ಅದರದೇ ಆದ ಒಂದೆರಡು ಸಂಗತಿಗಳಿರುತ್ತವೆ. ಹೊಲಿಗೆಯವರಿಗೆ ಅಳತೆ, ಅಡುಗೆ ಆರ್ಡರ್ ತೆಗೆದುಕೊಳ್ಳುವವರಿಗೆ ಪಾತ್ರೆಗಳ ಲೆಕ್ಕ, ಟ್ಯೂಷನ್ ನಡೆಸುವವರಿಗೆ ಮಕ್ಕಳ ಹಾಜರಿ. ಇವಕ್ಕೆ ತಂತ್ರಾಂಶದಲ್ಲಿ ಜಾಗವಿರುವುದಿಲ್ಲ. ಅವು ಹಳೆಯ ನೋಟ್‌ಬುಕ್ಕಿನಲ್ಲಿ, ಇಲ್ಲವೇ ಗಲ್ಲಾದಲ್ಲಿ ಕುಳಿತವರ ನೆನಪಿನಲ್ಲಿ ಉಳಿದುಬಿಡುತ್ತವೆ.

ಈ ಕೊರತೆಯನ್ನು ತುಂಬಲು ಹಿಂದೆ ಪ್ರೋಗ್ರಾಮರ್ ಒಬ್ಬರನ್ನು ಹುಡುಕಿ ಹಣ ಕೊಟ್ಟು ಬರೆಸಬೇಕಿತ್ತು. ಈಗ ಅದಕ್ಕೆಂದೇ ‘ಲೋ-ಕೋಡ್’ ಎಂಬ ಸಾಧನಗಳಿವೆ. ಕೋಡ್ ಎಂದರೆ ಕಂಪ್ಯೂಟರಿಗೆ ಅದರ ಭಾಷೆಯಲ್ಲಿ ಬರೆಯುವ ಆಜ್ಞೆಗಳು. ಅದನ್ನು ಆದಷ್ಟು ಕಡಿಮೆ ಬರೆದು, ಪರದೆಯ ಮೇಲೆ ಚೌಕಗಳನ್ನೂ ಬಟನ್‌ಗಳನ್ನೂ ಜೋಡಿಸಿ ಕೆಲಸ ಸಾಧಿಸುವುದೇ ಲೋ-ಕೋಡ್. ಅಮೆರಿಕದ ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆ 2014ರಲ್ಲಿ ಈ ಹೆಸರನ್ನು ಬಳಕೆಗೆ ತಂದಿತು.

ಹೆಸರು ಹೊಸದು, ಕೆಲಸ ಹಳೆಯದು

1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್‌ಗೆ ಒಂದು ಯೋಚನೆ ಬಂತು. ಕಪ್ಪುಹಲಗೆಯ ಮೇಲಿನ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಅದನ್ನು ಅವಲಂಬಿಸಿದ ಎಲ್ಲವನ್ನೂ ಅಳಿಸಿ ಮತ್ತೆ ಬರೆಯಬೇಕು. ಇದನ್ನು ಕಂಪ್ಯೂಟರೇ ಮಾಡಿದರೆ? ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ಅವರು ಹೊರತಂದ ‘ವಿಸಿಕ್ಯಾಲ್ಕ್’ನಿಂದ ಲೆಕ್ಕ ಬರೆಯುವವರು ಪ್ರೋಗ್ರಾಮರ್‌ನ ಹಂಗಿಲ್ಲದೆ ಕಂಪ್ಯೂಟರಿನಿಂದ ಕೆಲಸ ಮಾಡಿಸಿಕೊಳ್ಳುವಂತಾಯಿತು. 1985ರಲ್ಲಿ ಬಂದ ಎಕ್ಸೆಲ್ ಅದೇ ದಾರಿಯದು. ಎಕ್ಸೆಲ್‌ನಲ್ಲಿ ಒಂದು ಕೂಡಿಸುವ ಸೂತ್ರ ಬರೆದ ಸಹೋದರಿ ಈ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟಾಗಿದೆ.

ನಮ್ಮ ಬೆಂಗಳೂರಿನ ಟ್ಯಾಲಿ ಹುಟ್ಟಿದ್ದೂ ಸಿದ್ಧ ತಂತ್ರಾಂಶ ಸಾಲದೆ ಹೋದುದರಿಂದಲೇ. ಶ್ಯಾಮ್ ಸುಂದರ್ ಗೋಯೆಂಕಾ ಅವರು ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಕಚ್ಚಾ ಸಾಮಗ್ರಿ ಮತ್ತು ಯಂತ್ರದ ಬಿಡಿಭಾಗಗಳನ್ನು ಪೂರೈಸುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ತಂತ್ರಾಂಶ ಸಿಗದಿದ್ದಾಗ ಗಣಿತ ಓದಿದ್ದ ಮಗ ಭರತ್ ಅವರಿಂದ ಬರೆಸಿದರು. 1986ರಲ್ಲಿ ಆರಂಭವಾದ ಆ ಕೆಲಸ ಇಂದು ಊರೂರಿನ ಅಂಗಡಿಗಳಲ್ಲಿದೆ. ಟ್ಯಾಲಿಯಲ್ಲಿಯೂ ‘ಒಳಗೆ ಬಿಟ್ಟ ಬಟ್ಟೆ’ ಇದೆ. ಟಿಡಿಎಲ್ ಎಂಬ ಅದರದೇ ಭಾಷೆಯಲ್ಲಿ ಬಿಲ್ಲಿಗೆ ಹೊಸ ಚೌಕ ಸೇರಿಸಬಹುದು, ಹೊಸ ವರದಿ ಬರಿಸಬಹುದು. ಆದರೆ ಅದನ್ನು ಬರೆಯಲು ಕಲಿತವರೇ ಬೇಕು.

ಒಂದು ಹೊಲಿಗೆ ಅಂಗಡಿ

ಒಂದು ಲೇಡೀಸ್ ಟೈಲರಿಂಗ್ ಅಂಗಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂರು ಯಂತ್ರ, ಒಬ್ಬ ಕಟಿಂಗ್ ಮಾಸ್ಟರ್, ಹೊಲಿಯುವ ಇಬ್ಬರು ಹುಡುಗಿಯರು. ಬಿಲ್ ಟ್ಯಾಲಿಯಲ್ಲಿ ಆಗುತ್ತದೆ. ಅಳತೆ ಮಾತ್ರ ಪುಸ್ತಕದಲ್ಲಿದೆ. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಆ ಪುಸ್ತಕಕ್ಕಾಗಿ ನಾಲ್ಕು ಕೈಗಳು ಚಾಚಿರುತ್ತವೆ. ಯಾರ ಬಟ್ಟೆ ಎಂದು ಕೊಡಬೇಕು, ಯಾರು ಅಡ್ವಾನ್ಸ್ ಕೊಟ್ಟಿದ್ದಾರೆ, ಯಾರ ಲೈನಿಂಗ್ ಇನ್ನೂ ಬಂದಿಲ್ಲ ಎಂದು ತಿಳಿಯಲು ಅಂಗಡಿ ನಡೆಸುವಾಕೆ ಪುಟ ತಿರುವುತ್ತಲೇ ಇರಬೇಕು.

ಇಲ್ಲಿ ಮೊದಲ ಕೆಲಸ ಕಂಪ್ಯೂಟರಿನದಲ್ಲ, ಕಾಗದ ಮತ್ತು ಪೆನ್ನಿನದು. ಏನೇನು ಬರೆದಿಡಬೇಕು ಎಂದು ಬೇರೆ ಬೇರೆ ಪಟ್ಟಿ ಮಾಡಬೇಕು.

ಒಂದನೆಯದು ಗಿರಾಕಿಯರ ಪಟ್ಟಿ: ಸಂಖ್ಯೆ, ಹೆಸರು, ಫೋನ್. ಸಂಖ್ಯೆ ಏಕೆಂದರೆ ಒಂದೇ ಬೀದಿಯಲ್ಲಿ ನಾಲ್ವರು ಫಾತಿಮಾ ಇರಬಹುದು. ಹೆಸರನ್ನು ನಂಬಿ ಕೂತರೆ ಒಬ್ಬರ ಬಟ್ಟೆ ಇನ್ನೊಬ್ಬರ ಅಳತೆಗೆ ಕತ್ತರಿಯಾದೀತು.

ಎರಡನೆಯದು ಅಳತೆ: ಗಿರಾಕಿಯ ಸಂಖ್ಯೆ, ದಿನಾಂಕ, ಭುಜ, ಎದೆ, ಸೊಂಟ, ತೋಳು, ಉದ್ದ. ಹೊಸ ಅಳತೆ ತೆಗೆದಾಗ ಹಳೆಯದನ್ನು ಅಳಿಸದೆ ಹೊಸ ಸಾಲಿನಲ್ಲಿ ಬರೆಯಬೇಕು. ಬೆಳೆಯುವ ಹುಡುಗಿಗೂ ಬಾಣಂತನ ಮುಗಿಸಿದ ತಾಯಿಗೂ ಹಳೆಯ ಅಳತೆ ಹೊಂದುವುದಿಲ್ಲ. ಯಾವುದು ಈಚಿನದು ಎಂದು ದಿನಾಂಕ ಹೇಳುತ್ತದೆ.

ಮೂರನೆಯದು ಆರ್ಡರ್: ಗಿರಾಕಿಯ ಸಂಖ್ಯೆ, ಯಾವ ಬಟ್ಟೆ, ಕೊಡುವ ದಿನ, ಅಡ್ವಾನ್ಸ್, ಬಾಕಿ, ಎಲ್ಲಿಯವರೆಗೆ ಬಂದಿದೆ, ಟ್ಯಾಲಿಯ ಬಿಲ್ ನಂಬರ್.

ಒಂದೇ ಉದ್ದನೆಯ ಪಟ್ಟಿ ಸಾಲದೇ ಎಂದು ಕೇಳಬಹುದು. ಸಾಲದು. ಒಬ್ಬ ಗಿರಾಕಿ ವರ್ಷಕ್ಕೆ ಹತ್ತು ಸಲ ಬರುತ್ತಾಳೆ. ಹತ್ತು ಕಡೆ ಫೋನ್ ನಂಬರ್ ಬರೆದರೆ, ನಂಬರ್ ಬದಲಾದ ದಿನ ಒಂಬತ್ತು ಕಡೆ ತಪ್ಪು ಉಳಿಯುತ್ತದೆ. ಒಂದು ಸಂಗತಿ ಒಂದೇ ಕಡೆ ಇರಬೇಕು. ಈ ಇಡೀ ವಿದ್ಯೆಯ ತಿರುಳು ಇಷ್ಟೇ.

ಇನ್ನು ಈ ಮೂರು ಪಟ್ಟಿಗಳನ್ನು ಗೂಗಲ್ ಶೀಟ್ಸ್‌ನಲ್ಲಿ ಮೂರು ಹಾಳೆಗಳಾಗಿ ಇಡಬಹುದು. ತಲೆಬರಹ ಕನ್ನಡದಲ್ಲಿಯೇ ಇರಲಿ. ನಂತರ ಆ್ಯಪ್‌ಶೀಟ್ ಎಂಬ ಸಾಧನಕ್ಕೆ ಈ ಹಾಳೆಗಳನ್ನು ತೋರಿಸಿದರೆ ಅದು ಅವುಗಳಿಂದ ಮೊಬೈಲಿನಲ್ಲಿ ನಡೆಯುವ ಪುಟಗಳನ್ನು ಕಟ್ಟಿಕೊಡುತ್ತದೆ. ಗೂಗಲ್ ಇದನ್ನು 2020ರಲ್ಲಿ ಕೊಂಡುಕೊಂಡಿತು. ಮಾಡಿ ನೋಡುವ ಹಂತದಲ್ಲಿ ಶುಲ್ಕವಿಲ್ಲ, ನಿತ್ಯದ ಬಳಕೆಗೆ ತಲೆಗಿಷ್ಟು ಎಂದು ತಿಂಗಳ ಶುಲ್ಕವಿದೆ. ‘ಇಂದು ಕೊಡಬೇಕಾದದ್ದು’ ಎಂದು ಒಂದು ಪುಟ, ‘ಬಾಕಿ ಇರುವವರು’ ಎಂದು ಇನ್ನೊಂದು, ಕಟಿಂಗ್ ಮಾಸ್ಟರ್‌ಗೆ ಅಳತೆಯಷ್ಟೇ ಕಾಣುವ ಮತ್ತೊಂದು ಪುಟ. ಡಿಸೈನ್‌ನ ಫೋಟೋ ತೆಗೆದು ಆರ್ಡರ್‌ಗೆ ಸೇರಿಸುವ ಅನುಕೂಲವೂ ಇದೆ.

ಗಮನಿಸಿ, ಇಲ್ಲಿ ಬಿಲ್ ಮಾಡುವ ಕೆಲಸವನ್ನು ಮುಟ್ಟಲೇ ಇಲ್ಲ. ಅದನ್ನು ಟ್ಯಾಲಿ ಚೆನ್ನಾಗಿ ಮಾಡುತ್ತಿದೆ. ನಡೆಯುವುದನ್ನು ಕೆಡವಿ ಮತ್ತೆ ಕಟ್ಟುವುದು ಬೇಡ. ಇಲ್ಲದ ಒಂದು ಪುಟವನ್ನು ಮಾತ್ರ ಸೇರಿಸಿದರೆ ಸಾಕು.

ದೊಡ್ಡ ಕಚೇರಿಗಳಲ್ಲಿ

ಆಸ್ಪತ್ರೆ, ಕಾಲೇಜು, ಕಂಪೆನಿಗಳ ಕೌಂಟರಿನಲ್ಲಿ ಕೂತು ಡಾಟಾ ಎಂಟ್ರಿ ಮಾಡುವ ಸಹೋದರಿಯರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿಯ ತಂತ್ರಾಂಶ ದೊಡ್ಡದು. ಒಬ್ಬರ ವಿವರ ನೋಡಲು ನಾಲ್ಕು ಪರದೆ ತೆರೆಯಬೇಕು, ಬೇಡದ ಮೂವತ್ತು ಚೌಕಗಳ ನಡುವೆ ಬೇಕಾದ ಮೂರನ್ನು ಹುಡುಕಬೇಕು. ಎದುರಿಗೆ ಸಾಲು ಬೆಳೆಯುತ್ತದೆ, ಮಾತು ಕೇಳುವುದು ಕೌಂಟರಿನಲ್ಲಿ ಕೂತವಳು.

ಇಂತಹ ಕಡೆಗಳಿಗೆಂದು ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್, ಚೆನ್ನೈ ಮೂಲದ ಝೋಹೋ ಸಂಸ್ಥೆಯ ಕ್ರಿಯೇಟರ್ ಮುಂತಾದ ಸಾಧನಗಳಿವೆ. ಪವರ್ ಆ್ಯಪ್ಸ್‌ನಲ್ಲಿ ಎರಡು ಬಗೆಯ ಕೆಲಸವುಂಟು. ಒಂದರಲ್ಲಿ ಪಟ್ಟಿಗಳನ್ನು ಕೊಟ್ಟರೆ ಪರದೆಗಳನ್ನು ಅದೇ ಜೋಡಿಸುತ್ತದೆ. ಅಚ್ಚುಕಟ್ಟು, ಆದರೆ ಎಲ್ಲವೂ ಒಂದೇ ಅಚ್ಚಿನವು. ಇನ್ನೊಂದರಲ್ಲಿ ಖಾಲಿ ಹಾಳೆಯ ಮೇಲೆ ನಮಗೆ ಬೇಕಾದಂತೆ ಬಿಡಿಸಿಕೊಳ್ಳಬಹುದು. ಮೊದಲ ಬಗೆಯ ತಂತ್ರಾಂಶದೊಳಗೆ ಎರಡನೆಯ ಬಗೆಯ ಪುಟವೊಂದನ್ನು ತಂದು ಕೂರಿಸುವುದಕ್ಕೆ ‘ಕಸ್ಟಮ್ ಪೇಜ್’ ಎನ್ನುತ್ತಾರೆ. ಕೌಂಟರಿಗೆ ಬೇಕಾದ ಮೂರು ಚೌಕ, ಎರಡು ಬಟನ್, ಅಷ್ಟೇ ಇರುವ ಒಂದು ಪುಟ. ಅದರಲ್ಲಿ ಬರೆದದ್ದು ಹೋಗಿ ಸೇರುವುದು ಅದೇ ಮೂಲ ಪಟ್ಟಿಗೆ. ಇನ್ನೊಂದು ಎಕ್ಸೆಲ್ ಫೈಲಿನಲ್ಲಿ ಪ್ರತಿ ಮಾಡಿಡುವ ಕಷ್ಟವಿಲ್ಲ.

ಇಂತಹ ಪುಟ ಹೇಗಿರಬೇಕೆಂದು ತಿಳಿದಿರುವುದು ಪ್ರತಿದಿನ ಅದರ ಮುಂದೆ ಕೂರುವವಳಿಗೆ. ಕಂಪ್ಯೂಟರ್ ವಿಭಾಗದವರು ಬಂದು ಕೇಳಲಿ ಎಂದು ಕಾಯದೆ, ಕಾಗದದ ಮೇಲೆ ಪುಟ ಬಿಡಿಸಿ ಅವರ ಮುಂದಿಡಿ. “ಕಷ್ಟವಾಗುತ್ತದೆ ಸರ್” ಎನ್ನುವುದಕ್ಕಿಂತ ಬಿಡಿಸಿದ ಪುಟಕ್ಕೆ ಹೆಚ್ಚು ತೂಕವಿರುತ್ತದೆ.

ಮರೆ ಮಾಡುವುದು ಬೇರೆ, ಬೀಗ ಹಾಕುವುದು ಬೇರೆ

ಸುಲಭವಾಗಿ ಮಾಡಬಹುದಾದ್ದು ಸುಲಭವಾಗಿ ಕೆಡಲೂಬಹುದು. ಈ ಸಾಧನಗಳಲ್ಲಿ ಜಾಗ್ರತೆ ವಹಿಸಬೇಕಾದ ಮುಖ್ಯ ವಿಷಯ ಇದು: ಪುಟದಲ್ಲಿ ಕಾಣುತ್ತಿಲ್ಲ ಎಂದ ಮಾತ್ರಕ್ಕೆ ಭದ್ರವಾಗಿದೆ ಎಂದಲ್ಲ. ಕಟಿಂಗ್ ಮಾಸ್ಟರ್‌ನ ಪುಟದಲ್ಲಿ ಫೋನ್ ನಂಬರ್ ತೋರಿಸದಿದ್ದರೂ ಕೆಳಗಿನ ಹಾಳೆಯಲ್ಲಿ ಅದು ಇದ್ದೇ ಇದೆ. ಪರದೆ ಎಳೆದ ಕೋಣೆಗೆ ಬಾಗಿಲು ಹಾಕಿಲ್ಲದಂತೆ. ಆ್ಯಪ್‌ಶೀಟ್‌ನಲ್ಲಿ ಭಾಗವನ್ನಷ್ಟೇ ತೋರಿಸುವ ‘ಸ್ಲೈಸ್’ ಬೇರೆ, ಮಾಹಿತಿಗೆ ಬೀಗ ಹಾಕುವ ‘ಸೆಕ್ಯುರಿಟಿ ಫಿಲ್ಟರ್’ ಬೇರೆ. ಮೂಲ ಹಾಳೆಯನ್ನೇ ‘ಲಿಂಕ್ ಇರುವವರೆಲ್ಲ ನೋಡಬಹುದು’ ಎಂದು ಇಟ್ಟುಬಿಟ್ಟರೆ ಆ ಬೀಗವೂ ವ್ಯರ್ಥ.

ದೊಡ್ಡವರೇ ಇಲ್ಲಿ ಎಡವಿದ್ದಾರೆ. ಪವರ್ ಆ್ಯಪ್ಸ್‌ನಿಂದ ಕಟ್ಟಿದ ಹಲವು ಅಂತರ್ಜಾಲ ಪುಟಗಳ ಹಿಂದಿನ ಪಟ್ಟಿಗಳು ಯಾರಿಗಾದರೂ ಕಾಣುವಂತಿದ್ದುದನ್ನು ಅಪ್‌ಗಾರ್ಡ್ ಎಂಬ ಸೈಬರ್ ಭದ್ರತಾ ಸಂಸ್ಥೆ 2021ರ ಆಗಸ್ಟ್‌ನಲ್ಲಿ ಬಹಿರಂಗಪಡಿಸಿತು. 47 ಸಂಸ್ಥೆಗಳ ಒಟ್ಟು 3 ಕೋಟಿ 80 ಲಕ್ಷ ದಾಖಲೆಗಳು! ಅದರಲ್ಲಿ ಅಮೆರಿಕದ ರಾಜ್ಯ ಸರಕಾರಗಳ ಕೋವಿಡ್ ದಾಖಲೆಗಳಿದ್ದವು, ದೊಡ್ಡ ಕಂಪೆನಿಗಳ ಪಟ್ಟಿಗಳಿದ್ದವು, ಮೈಕ್ರೋಸಾಫ್ಟ್‌ನದೇ ಪಟ್ಟಿಗಳೂ ಇದ್ದವು. ಯಾರೂ ಬೀಗ ಮುರಿದಿರಲಿಲ್ಲ. ಬೀಗ ಹಾಕುವ ಒಂದು ಆಯ್ಕೆಯನ್ನು ಕಟ್ಟಿದವರು ಒತ್ತಿರಲಿಲ್ಲ. ಬಳಿಕ ಮೈಕ್ರೋಸಾಫ್ಟ್ ಬೀಗ ತಾನಾಗಿಯೇ ಹಾಕಿರುವಂತೆ ಬದಲಾಯಿಸಿತು.

ಇನ್ನೊಂದು ಘಟನೆ ಇಂಗ್ಲೆಂಡಿನದು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಅಲ್ಲಿ 15,841 ಕೋವಿಡ್ ಪ್ರಕರಣಗಳು ಲೆಕ್ಕದಿಂದ ತಪ್ಪಿಹೋದವು. ಎಕ್ಸೆಲ್‌ನ ಹಳೆಯ ಮಾದರಿಯ ಫೈಲಿನಲ್ಲಿ 65,536 ಸಾಲುಗಳಿಗಷ್ಟೇ ಜಾಗ. ಅದು ತುಂಬಿದ ಮೇಲೆ ಬಂದವು ಬಿಟ್ಟುಹೋದವು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಪ್ರತಿಯೊಂದು ಸಾಧನಕ್ಕೂ ಒಂದು ಮಿತಿ ಇದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ನಮ್ಮದು ಸಣ್ಣ ಅಂಗಡಿ, ನಮಗೇನು ಎಂದು ಹೇಳಬೇಡಿ. ಒಬ್ಬ ಹೆಣ್ಣುಮಗಳ ಹೆಸರು, ಫೋನ್ ನಂಬರ್, ಮೈ ಅಳತೆ ಒಂದೇ ಸಾಲಿನಲ್ಲಿ ಇರುವ ಪಟ್ಟಿ ಅದು. ಯಾರದೋ ಮೊಬೈಲಿನಿಂದ ಅದು ವಾಟ್ಸಪ್ ಗುಂಪಿಗೆ ಹೋದರೆ ಆಕೆಯ ಮರ್ಯಾದೆಯ ಪ್ರಶ್ನೆ. ಅಳತೆ ಕೊಡುವಾಗ ಆಕೆ ನಿಮ್ಮನ್ನು ನಂಬಿ ಕೊಟ್ಟಿದ್ದಾಳೆ. ಅದು ನಿಮ್ಮ ಬಳಿ ಇಟ್ಟ ಅಮಾನತ್. ಜನರ ಖಾಸಗಿ ಮಾಹಿತಿಯ ರಕ್ಷಣೆಗೆ ನಮ್ಮ ದೇಶದಲ್ಲಿ 2023ರಲ್ಲಿ ಕಾನೂನೂ ಬಂದಿದೆ. ಅಳತೆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಿದ್ದವರು ಮೊಬೈಲಿಗೂ ಅಷ್ಟೇ ಜಾಗ್ರತೆ ತೋರಬೇಕು.

ನೆನಪಿಡಬೇಕಾದವು

* ಖಾತೆ ನಿಮ್ಮ ಹೆಸರಿನಲ್ಲಿಯೇ ಇರಲಿ. ಅಣ್ಣನ ಮಗ ತನ್ನ ಜಿಮೇಲ್‌ನಲ್ಲಿ ಮಾಡಿಕೊಟ್ಟು ದುಬೈಗೆ ಹೋದರೆ ನಿಮ್ಮ ಅಂಗಡಿಯ ಕೀಲಿಯೂ ವಿಮಾನ ಹತ್ತುತ್ತದೆ.

* ಪಾಸ್‌ವರ್ಡ್ ಜೊತೆ ಎರಡನೆಯ ಹಂತದ ದೃಢೀಕರಣವನ್ನೂ ಹಾಕಿಕೊಳ್ಳಿ.

* ಕೆಲಸ ಬಿಟ್ಟು ಹೋದವರ ಹೆಸರನ್ನು ಅದೇ ದಿನ ತೆಗೆಯಿರಿ.

* ಬೇಡದ್ದನ್ನು ಕೇಳಬೇಡಿ. ಬ್ಲೌಸ್ ಹೊಲಿಯಲು ಜನ್ಮದಿನಾಂಕ ಏಕೆ?

* ತಿಂಗಳಿಗೊಮ್ಮೆ ಹಾಳೆಗಳ ಪ್ರತಿಯನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿ, ಬೀಗವಿರುವ ಕಡೆ ಇಡಿ.

* ಯಾವ ಹಾಳೆಯಲ್ಲಿ ಏನಿದೆ ಎಂದು ಒಂದು ಪುಟ ಬರೆದಿಡಿ. ನಿಮಗೆ ಹುಷಾರಿಲ್ಲದ ದಿನ ಮಗಳೋ ಸೊಸೆಯೋ ಅದನ್ನು ನೋಡಿ ಅಂಗಡಿ ನಡೆಸುವಂತಿರಬೇಕು.

* ತೆರಿಗೆ ಮತ್ತು ಸಂಬಳದ ಲೆಕ್ಕಕ್ಕೆ ಕೈಹಾಕಬೇಡಿ. ಅದಕ್ಕೆ ಟ್ಯಾಲಿಯಂತಹ ತಂತ್ರಾಂಶಗಳೂ ತಿಳಿದವರೂ ಇದ್ದಾರೆ.

ತಿಂಗಳಿಗೆ ಇಪ್ಪತ್ತು ಗಿರಾಕಿಯರಷ್ಟೇ ಬರುವುದಾದರೆ ಇದೇನೂ ಬೇಡ, ನೋಟ್‌ಬುಕ್ ಸಾಕು. ಪುಸ್ತಕದಲ್ಲಿ ಹುಡುಕುವುದೇ ಒಂದು ಕೆಲಸವಾದಾಗ ಮಾತ್ರ ಇದರ ಬಗ್ಗೆ ಯೋಚಿಸಿ. ಯೋಚಿಸುವವರು ಮೊಬೈಲ್ ತೆರೆಯುವ ಮೊದಲು ಒಂದು ವಾರ ಒಂದು ಕೆಲಸ ಮಾಡಿ. ಬಿಲ್ ಮಾಡುವಾಗ ತಂತ್ರಾಂಶದಲ್ಲಿ ಜಾಗ ಸಿಗದೆ ನೀವು ಬೇರೆ ಕಡೆ ಬರೆದುಕೊಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಗುರುತು ಹಾಕುತ್ತಾ ಹೋಗಿ. ವಾರದ ಕೊನೆಗೆ ಆ ಹಾಳೆಯಲ್ಲಿ ಮತ್ತೆ ಮತ್ತೆ ಬಂದ ಮೂರೋ ನಾಲ್ಕೋ ಸಂಗತಿಗಳು ಕಾಣುತ್ತವೆ. ನಿಮ್ಮ ಮೊದಲ ಪುಟದಲ್ಲಿ ಅಷ್ಟು ಚೌಕಗಳಿದ್ದರೆ ಸಾಕು.