ಲಕೋಟೆ ಯಾರ ಕೈಗೆ?

ಅಮೆರಿಕದ 2010ರ ಆರೋಗ್ಯ ಕಾಯ್ದೆಯಿಂದಾಗಿ ಮಕ್ಕಳು 26 ವರ್ಷ ತುಂಬುವವರೆಗೆ ಹೆತ್ತವರ ವಿಮೆಯಲ್ಲೇ ಇರಬಹುದು. ವೈದ್ಯರು ಬರೆದುಕೊಟ್ಟ ಗರ್ಭನಿರೋಧಕಕ್ಕೆ ಹೆಚ್ಚಿನ ವಿಮೆಗಳಲ್ಲಿ ಕೈಯಿಂದ ಹಣ ಕೊಡಬೇಕಿಲ್ಲ. ದೊಡ್ಡ ಉಪಕಾರವೇ ಸರಿ. ಆದರೆ ವಿಮಾ ಕಂಪನಿ ಕಳುಹಿಸುವ, ಚಿಕಿತ್ಸೆಯ ವಿವರವಿರುವ ಪತ್ರ ಸಾಮಾನ್ಯವಾಗಿ ಹೋಗುವುದು ಪಾಲಿಸಿದಾರರಾದ ಅಪ್ಪ ಅಥವಾ ಅಮ್ಮನ ಹೆಸರಿಗೆ. ಇಂಥ ಮಾತೇ ಎತ್ತದ ಮನೆಗಳಲ್ಲಿ, ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲೂ, ಆ ಒಂದು ಲಕೋಟೆಗೆ ಹೆದರಿ ಕ್ಲಿನಿಕ್ಕಿನಿಂದ ದೂರ ಉಳಿಯುವ ಹುಡುಗಿಯರಿದ್ದರೆ ಅಚ್ಚರಿಯಿಲ್ಲ. 2024ರಿಂದ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿರುವ ಒಪಿಲ್ ಎಂಬ ಗರ್ಭನಿರೋಧಕ ಮಾತ್ರೆ ಗುಟ್ಟು ಉಳಿಸುತ್ತದೆ. ಆದರೆ ಹಾಗೆ ಕೊಂಡರೆ ಅನೇಕ ವಿಮೆಗಳು ಹಣ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದ ಕಾನೂನು ಇಂಥ ಮಾಹಿತಿಯನ್ನು ಚಿಕಿತ್ಸೆ ಪಡೆದವರಿಗೇ ಕಳುಹಿಸಬೇಕೆನ್ನುತ್ತದೆ. ಇಡೀ ದೇಶಕ್ಕೆ ಈ ನಿಯಮ ಕಡ್ಡಾಯವಾಗಬೇಕು.